ಪಠ್ಯ ಸಾಹಸ ಆಟ ಕಟ್ಟುವ ಸಾಫ್ಟ್‌ವೇರ್: ಕೊಂಡಿ, ನೆನಪು ಮತ್ತು ಕನ್ನಡದ ವಿಭಕ್ತಿ

"ನೀನು ಹಳೆಯ ತೊಟ್ಟಿ ಮನೆಯ ಜಗಲಿಯ ಮೇಲೆ ನಿಂತಿದ್ದೀಯ. ಬಾಗಿಲಿಗೆ ಬೀಗ. ಗೂಡಿನಲ್ಲಿ ಒಂದು ಲಾಟೀನು ಇದೆ. ಬೆಂಕಿಪೊಟ್ಟಣ ಎಲ್ಲೂ ಕಾಣುತ್ತಿಲ್ಲ."

ಪರದೆಯ ಮೇಲೆ ಇಷ್ಟೇ ಇದೆ ಎಂದುಕೊಳ್ಳಿ. ಚಿತ್ರವಿಲ್ಲ, ಸದ್ದಿಲ್ಲ. ಮುಂದೇನು ಎನ್ನುವುದು ಓದುವವರಿಗೆ ಬಿಟ್ಟದ್ದು. ಪಠ್ಯ ಸಾಹಸ ಆಟ ಎಂದರೆ ಇದೇ. ಇದನ್ನು ಕಟ್ಟಲು ಬೇಕಾದ ಸಾಫ್ಟ್‌ವೇರ್ ಹತ್ತಾರು ಇವೆ, ಹೆಚ್ಚಿನವು ಉಚಿತ. ಅವುಗಳಲ್ಲಿ ಎರಡು ದೊಡ್ಡ ಮನೆತನಗಳು. ಒಂದರಲ್ಲಿ ಆಟಗಾರರು ಕೊಟ್ಟ ಆಯ್ಕೆಗಳಲ್ಲಿ ಒಂದನ್ನು ಒತ್ತುತ್ತಾರೆ. ಇನ್ನೊಂದರಲ್ಲಿ "ಲಾಟೀನು ಎತ್ತಿಕೊ" ಎಂದು ತಾವೇ ಟೈಪ್ ಮಾಡುತ್ತಾರೆ, ಆ ಮಾತನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವ ಕೆಲಸ ಪಾರ್ಸರ್ ಎಂಬ ಭಾಗದ್ದು. ಟ್ವೈನ್ ಮತ್ತು ಇಂಕ್ ಮೊದಲ ಮನೆತನದವು, ಇನ್‌ಫಾರ್ಮ್ ಮತ್ತು ಟ್ಯಾಡ್ಸ್ ಎರಡನೆಯದರವು. ಕನ್ನಡದಲ್ಲಿ ಆಟ ಕಟ್ಟುವವರಿಗೆ ಈ ಭೇದ ಬರಿಯ ರುಚಿಯ ಪ್ರಶ್ನೆಯಲ್ಲ. ಮೊದಲನೆಯದು ಇವತ್ತೇ ಕೈಗೆ ಸಿಗುತ್ತದೆ. ಎರಡನೆಯದಕ್ಕೆ ನಮ್ಮ ವ್ಯಾಕರಣವನ್ನು ಯಂತ್ರಕ್ಕೆ ಕಲಿಸುವ ಕೆಲಸ ಬಾಕಿ ಇದೆ.

ಕವಲು ಎಣಿಸಬೇಡಿ, ನೆನಪು ಎಣಿಸಿ

ಹೊಸಬರು ಕಾಗದದ ಮೇಲೆ ಕವಲು ಬರೆಯುತ್ತ ಕೂರುತ್ತಾರೆ: ಇಲ್ಲಿಂದ ಎರಡು ದಾರಿ, ಅಲ್ಲಿಂದ ಮತ್ತೆ ಎರಡು. ಲೆಕ್ಕ ಹಾಕಿ ನೋಡಿ. ಪ್ರತಿ ತಿರುವಿನಲ್ಲೂ ಎರಡೇ ಆಯ್ಕೆ, ಹತ್ತೇ ತಿರುವು ಎಂದರೂ ಕೊನೆಗೆ 1,024 ಮುಕ್ತಾಯಗಳಾಗುತ್ತವೆ. ನಡುವಿನ ಪುಟಗಳೆಲ್ಲ ಸೇರಿ 2,047. ಆಟಗಾರರೊಬ್ಬರು ಒಂದು ಸಲ ಆಡಿದಾಗ ಅದರಲ್ಲಿ ಓದುವುದು 11 ಪುಟ ಮಾತ್ರ. ಮಿಕ್ಕಿದ್ದಕ್ಕೆ ಹಾಕಿದ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ. ಅರ್ಧಕ್ಕೇ ನಿಂತುಹೋಗುವ ಆಟಗಳು ಹೆಚ್ಚಾಗಿ ನಿಲ್ಲುವುದು ಇಲ್ಲೇ.

ಕೆಲಸ ಮಾಡುವ ವಿಧಾನ ಬೇರೆ. ದಾರಿಗಳು ಕವಲೊಡೆದು ಮತ್ತೆ ಒಂದೇ ಕಡೆ ಬಂದು ಸೇರಬೇಕು. ಯಾರು ಯಾವ ದಾರಿಯಲ್ಲಿ ಬಂದರು ಎಂಬುದನ್ನು ಆಟ ನೆನಪಿಟ್ಟುಕೊಳ್ಳಬೇಕು. ಈ ನೆನಪಿನ ಡಬ್ಬಿಗಳೇ ವೇರಿಯಬಲ್‌ಗಳು. ತೊಟ್ಟಿ ಮನೆಯ ಆಟಕ್ಕೆ ಮೂರು ಸಾಕು: ಲಾಟೀನು ಕೈಯಲ್ಲಿದೆಯೇ, ಅದು ಹೊತ್ತಿದೆಯೇ, ಬೀಗದ ಕೈ ಸಿಕ್ಕಿದೆಯೇ. ಮೂರಕ್ಕೂ ಹೌದು ಅಥವಾ ಇಲ್ಲ ಎಂಬ ಉತ್ತರ ಇರುವುದರಿಂದ ಎಂಟು ಸ್ಥಿತಿಗಳಾಗುತ್ತವೆ. ಪುಟಗಳು ಮಾತ್ರ ಜಗಲಿ, ಪಡಸಾಲೆ, ಅಡುಗೆ ಮನೆ, ಅಟ್ಟ, ಹಿತ್ತಿಲು ಇಷ್ಟೇ. ಅಟ್ಟದ ಪುಟ ಲಾಟೀನು ಹೊತ್ತಿದ್ದರೆ ಒಂದು ಬಗೆಯಾಗಿ, ಇಲ್ಲದಿದ್ದರೆ ಇನ್ನೊಂದು ಬಗೆಯಾಗಿ ತೆರೆದುಕೊಳ್ಳುತ್ತದೆ. ಯಾವ ಸಾಫ್ಟ್‌ವೇರ್ ಆರಿಸುವ ಮೊದಲೂ ಈ ಡಬ್ಬಿಗಳ ಪಟ್ಟಿಯನ್ನು ಬರೆದಿಟ್ಟುಕೊಳ್ಳಿ. ಮೊದಲ ಆಟದಲ್ಲಿ ಪಟ್ಟಿ ಏಳೆಂಟು ದಾಟದಿದ್ದರೆ ಒಳ್ಳೆಯದು.

ಟ್ವೈನ್: ಕನ್ನಡಕ್ಕೆ ಹತ್ತಿರದ ಬಾಗಿಲು

ಟ್ವೈನ್ 2009ರಲ್ಲಿ ಕ್ರಿಸ್ ಕ್ಲೈಮಸ್ ಹೊರತಂದ ಮುಕ್ತ ಸಾಫ್ಟ್‌ವೇರ್. ಬ್ರೌಸರಿನಲ್ಲೇ ಓಡುತ್ತದೆ, ಕಂಪ್ಯೂಟರಿಗೆ ಇಳಿಸಿಕೊಳ್ಳುವ ಆವೃತ್ತಿಯೂ ಇದೆ. ಪರದೆ ಒಂದು ದೊಡ್ಡ ಹಲಗೆಯಂತೆ ಕಾಣುತ್ತದೆ. ಅದರ ಮೇಲೆ ಚೌಕಗಳು. ಒಂದೊಂದು ಚೌಕವೂ ಒಂದು ಪ್ಯಾಸೇಜ್, ಅಂದರೆ ಆಟಗಾರರು ಒಮ್ಮೆಗೆ ನೋಡುವ ಒಂದು ಪುಟ. ಚೌಕವನ್ನು ಎರಡು ಸಲ ಒತ್ತಿದರೆ ಬರೆಯುವ ಜಾಗ ತೆರೆಯುತ್ತದೆ. ಅಲ್ಲಿ ಹೀಗೆ ಬರೆಯಿರಿ:

[[ಲಾಟೀನು ಎತ್ತಿಕೊ->ಲಾಟೀನು]]

[[ಹಿತ್ತಿಲಿಗೆ ಹೋಗು->ಹಿತ್ತಿಲು]]

ಬಾಣದ ಎಡಕ್ಕಿರುವುದು ಆಟಗಾರರಿಗೆ ಕಾಣುವ ಮಾತು, ಬಲಕ್ಕಿರುವುದು ಹೋಗಬೇಕಾದ ಪ್ಯಾಸೇಜಿನ ಹೆಸರು. ಆ ಹೆಸರಿನ ಚೌಕ ಇನ್ನೂ ಇಲ್ಲದಿದ್ದರೆ ಟ್ವೈನ್ ತಾನೇ ಒಂದನ್ನು ಮಾಡಿ, ಎರಡರ ನಡುವೆ ಗೆರೆ ಎಳೆಯುತ್ತದೆ. ಇಷ್ಟರಿಂದಲೇ ಒಂದು ಆಟ ಓಡುತ್ತದೆ. ಕೋಡ್ ಬರೆದು ಗೊತ್ತಿಲ್ಲದ ಶಾಲಾ ಮಕ್ಕಳು ಒಂದೇ ಮಧ್ಯಾಹ್ನದಲ್ಲಿ ಇಲ್ಲಿಯವರೆಗೆ ಬರಬಲ್ಲರು. ಟ್ವೈನ್‌ನ ದೊಡ್ಡ ಗುಣ ಇದು.

ನೆನಪಿನ ಡಬ್ಬಿ ಬಂದ ಕೂಡಲೇ ಕಥಾ ಮಾದರಿಯ ಪ್ರಶ್ನೆ ಏಳುತ್ತದೆ. ಟ್ವೈನ್ ಬರೀ ಹಲಗೆ. ಆಟವನ್ನು ನಿಜವಾಗಿ ಓಡಿಸುವುದು ಅದರೊಳಗಿನ ಮಾದರಿ: ಹಾರ್ಲೋ, ಶುಗರ್‌ಕ್ಯೂಬ್, ಚಾಪ್‌ಬುಕ್, ಸ್ನೋಮ್ಯಾನ್. ಹೊಸ ಕಥೆ ಶುರು ಮಾಡಿದಾಗ ಹಾರ್ಲೋ ತಾನಾಗಿಯೇ ಬರುತ್ತದೆ. ಕೊಂಡಿಗಳ ಬರವಣಿಗೆ ಹೆಚ್ಚು ಕಡಿಮೆ ಎಲ್ಲದರಲ್ಲೂ ಒಂದೇ, ಆದರೆ ವೇರಿಯಬಲ್ ಮತ್ತು ಷರತ್ತು ಬರೆಯುವ ರೀತಿ ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಅರ್ಧ ಬರೆದ ಮೇಲೆ ಮಾದರಿ ಬದಲಿಸಿದರೆ ಷರತ್ತುಗಳೆಲ್ಲ ಪರದೆಯ ಮೇಲೆ ಬರೀ ಅಕ್ಷರಗಳಾಗಿ ಚೆಲ್ಲಿಕೊಳ್ಳುತ್ತವೆ. ಮೊದಲ ದಿನವೇ ತೀರ್ಮಾನಿಸಿ. ಕನ್ನಡ ಆಟಕ್ಕೆ ನಮ್ಮ ಶಿಫಾರಸು ಶುಗರ್‌ಕ್ಯೂಬ್. ಆಟ ಉಳಿಸುವ ಮೆನು ಅದರಲ್ಲಿ ಸಿದ್ಧವಾಗಿದೆ, ಮೆನುವಿನ ಇಂಗ್ಲಿಷ್ ಪದಗಳನ್ನು ಕನ್ನಡಕ್ಕೆ ಬದಲಿಸಲು ಜಾಗವಿದೆ, ಆಟಗಾರರಿಂದ ಟೈಪ್ ಮಾಡಿಸಿಕೊಳ್ಳುವ ಪೆಟ್ಟಿಗೆಯೂ ಇದೆ.

ಒಂದು ನಿಯಮ ಮೊದಲೇ ತಿಳಿದಿರಲಿ: ಕಥೆಯ ಮಾತು, ಪ್ಯಾಸೇಜಿನ ಹೆಸರು ಕನ್ನಡದಲ್ಲಿರಬಹುದು, ವೇರಿಯಬಲ್ ಹೆಸರು ಮತ್ತು ಆಜ್ಞೆಗಳು ಕೀಲಿಮಣೆಯ ರೋಮನ್ ಅಕ್ಷರಗಳಲ್ಲೇ ಇರಬೇಕು. ಶುಗರ್‌ಕ್ಯೂಬ್ ಕನ್ನಡದ ವೇರಿಯಬಲ್ ಹೆಸರನ್ನು ಒಪ್ಪುವುದಿಲ್ಲ. ಡಾಲರ್ ಚಿಹ್ನೆಯಿಂದ ಶುರುವಾಗುವ ಹೆಸರು, ಬೆಲೆ (ಡಬ್ಬಿಯೊಳಗಿನ ಮೌಲ್ಯ) ಇಡಲು 'ಸೆಟ್' ಆಜ್ಞೆ, ಇಡುವಾಗ 'ಟು', ಹೋಲಿಸುವಾಗ 'ಈಸ್'. ಈ ಎರಡು ಪುಟ್ಟ ಪದಗಳನ್ನು ಬಳಸಿದರೆ ಸಮ ಚಿಹ್ನೆಯ ಗೊಂದಲವೇ ಇರುವುದಿಲ್ಲ. ಎಲ್ಲ ಡಬ್ಬಿಗಳ ಆರಂಭದ ಬೆಲೆಯನ್ನು 'ಸ್ಟೋರಿಇನಿಟ್' ಎಂಬ ಹೆಸರಿನ ವಿಶೇಷ ಪ್ಯಾಸೇಜಿನಲ್ಲಿ ಬರೆದಿಡಿ. ಆಟ ಶುರುವಾಗುವಾಗ ಅದು ಕಣ್ಣಿಗೆ ಕಾಣದೆ ಓಡುತ್ತದೆ. ಹಾರ್ಲೋದಲ್ಲಿ ಈ ಆರಂಭವನ್ನು ಮರೆತರೆ ಬೆಲೆ ಇಡದ ಡಬ್ಬಿಯನ್ನು ಅದು ಸೊನ್ನೆ ಎಂದು ಓದುತ್ತದೆ. ಹೌದು-ಇಲ್ಲ ಕೇಳುವ ಷರತ್ತಿಗೆ ಸೊನ್ನೆ ಕೊಟ್ಟರೆ ಕೆಂಪು ಬಣ್ಣದ ದೋಷ ಸೂಚನೆ ಬರುತ್ತದೆ. ಹೊಸಬರು ಹೆಚ್ಚಾಗಿ ನೋಡುವ ದೋಷ ಬಹುಶಃ ಇದೇ.

ಇನ್ನು ಸದ್ದಿಲ್ಲದೆ ಕೆಡುವ ಜಾಗಗಳು. ಅಡುಗೆ ಮನೆಯಲ್ಲಿ ಸೀಮೆಎಣ್ಣೆ ಡಬ್ಬಿ ಇದೆ, ಒಳಗೆ ಹೋದಾಗ ಎಣ್ಣೆಯ ಲೆಕ್ಕಕ್ಕೆ ಒಂದು ಕೂಡಬೇಕು ಎಂದು ಆ ಪ್ಯಾಸೇಜಿನಲ್ಲೇ ಬರೆದಿರುತ್ತೀರಿ. ಆಟಗಾರರು ಪಡಸಾಲೆಗೆ ಹೋಗಿ ಮರಳಿ ಬಂದರೆ ಮತ್ತೆ ಒಂದು ಕೂಡುತ್ತದೆ. ಹತ್ತು ಸಲ ಓಡಾಡಿದರೆ ಹತ್ತು ಡಬ್ಬಿ ಎಣ್ಣೆ. ಪ್ಯಾಸೇಜು ತೆರೆದಾಗಲೆಲ್ಲ ಅದರೊಳಗಿನ ಆಜ್ಞೆಗಳು ಮೊದಲಿಂದ ಓಡುವುದೇ ಇದಕ್ಕೆ ಕಾರಣ. ಪರಿಹಾರ ಎರಡು. ಕೂಡುವ ಆಜ್ಞೆಯನ್ನು "ಎಣ್ಣೆ ತುಂಬಿಸಿಕೊ" ಎಂಬ ಕೊಂಡಿಗೇ ಕಟ್ಟಿ, ತುಂಬಿದ ಮೇಲೆ ಆ ಕೊಂಡಿ ಮರೆಯಾಗುವಂತೆ ಷರತ್ತು ಹಾಕಿ. ಇಲ್ಲವೇ ಈ ಪುಟಕ್ಕೆ ಎಷ್ಟನೆಯ ಸಲ ಬಂದದ್ದು ಎಂದು 'ವಿಸಿಟೆಡ್' ಎಂಬ ಸಿದ್ಧ ಲೆಕ್ಕದಿಂದ ಕೇಳಿ. ಮೊದಲನೆಯದು ಹೆಚ್ಚು ಭದ್ರ.

ಇನ್ನೊಂದು, ಗೆಲ್ಲಲಾಗದ ಸ್ಥಿತಿ. ಬೆಂಕಿಪೊಟ್ಟಣದಲ್ಲಿ ಮೂರೇ ಕಡ್ಡಿ ಇಟ್ಟಿದ್ದೀರಿ. ಆಟಗಾರರು ಮೂರನ್ನೂ ಹಿತ್ತಿಲಿನ ಗಾಳಿಯಲ್ಲಿ ಗೀರಿ ಮುಗಿಸಿದರೆ ಅಟ್ಟ ಎಂದೆಂದಿಗೂ ಕತ್ತಲು. ಆಟ ನಿಲ್ಲುವುದಿಲ್ಲ, ಸೋತೆ ಎನ್ನುವುದೂ ಇಲ್ಲ, ಸುಮ್ಮನೆ ಸುತ್ತಿಸುತ್ತದೆ. ಮುಗಿದುಹೋಗುವ ವಸ್ತು ಪ್ರತಿಯೊಂದಕ್ಕೂ ಮುಗಿದ ಮೇಲೆ ಏನು ಎಂಬ ಉತ್ತರ ಇರಲೇಬೇಕು. ಒಲೆಯ ಬೂದಿಯಲ್ಲಿ ಕೆಂಡ ಉಳಿದಿರಲಿ, ಅಥವಾ ಕಡ್ಡಿ ಮುಗಿದ ಕ್ಷಣವೇ ಆಟ ಸೋಲು ಒಪ್ಪಿಕೊಳ್ಳಲಿ.

ಕೆಲಸ ಕಳೆದುಕೊಳ್ಳುವ ಅಪಾಯವೂ ನಿಜವಾದದ್ದು. ಬ್ರೌಸರಿನ ಟ್ವೈನ್ ನಿಮ್ಮ ಕಥೆಯನ್ನು ಯಾವ ಸರ್ವರಿಗೂ ಕಳಿಸುವುದಿಲ್ಲ. ಅದೇ ಬ್ರೌಸರಿನ ಒಳಗಿನ ಸಂಗ್ರಹದಲ್ಲಿ ಇಡುತ್ತದೆ. ಬ್ರೌಸರಿನ ದತ್ತಾಂಶ ಅಳಿಸಿದರೆ ಕಥೆಯೂ ಹೋಯಿತು. ಸಫಾರಿ ಬ್ರೌಸರಂತೂ ಏಳು ದಿನ ಬಳಸದ ತಾಣಗಳ ಸಂಗ್ರಹವನ್ನು ತಾನೇ ಅಳಿಸಬಲ್ಲದು. ಕಂಪ್ಯೂಟರಿನ ಆವೃತ್ತಿ ಬಳಸಿ, ಅಥವಾ ಪ್ರತಿ ಸಲ ಎದ್ದೇಳುವ ಮೊದಲು 'ಆರ್ಕೈವ್' ಒತ್ತಿ ಇಡೀ ಗಂಟನ್ನು ಕಡತವಾಗಿ ಇಳಿಸಿಕೊಳ್ಳಿ.

ಕನ್ನಡ ಅಕ್ಷರ ತಂದೊಡ್ಡುವ ತೊಡಕುಗಳು

ಪ್ಯಾಸೇಜಿನ ಹೆಸರು ಕನ್ನಡದಲ್ಲಿರಬಹುದು ಎಂದೆವಲ್ಲ, ಅಲ್ಲೊಂದು ಮುಳ್ಳಿದೆ. ಕೊಂಡಿಯಲ್ಲಿ "ಬಾಕ್ಸ್‌ರೂಮ್" ಎಂದಿದೆ, ಚೌಕಕ್ಕೂ ಅದೇ ಹೆಸರಿದೆ, ಆದರೂ ಕೊಂಡಿ ಮುರಿದಿದೆ ಎಂದು ಟ್ವೈನ್ ಹೇಳುತ್ತದೆ. ಅರ್ಧಾಕ್ಷರದ ಮುಂದೆ ಒತ್ತು ಕೂಡದಂತೆ ತಡೆಯಲು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸುತ್ತವೆ. ಪದದ ಕೊನೆಯಲ್ಲಿ ಅದು ಉಳಿದುಬಿಟ್ಟರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಕಂಪ್ಯೂಟರಿಗೆ ಮಾತ್ರ ಎರಡೂ ಬೇರೆ ಬೇರೆ ಪದ. ಹಾಗೆಯೇ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 'ಕೋ' ಎಂಬುದರ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿ ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಈ, ಏ, ಐ, ಒ, ಓ ಸ್ವರಗಳ ಗುಣಿತಾಕ್ಷರಗಳಿಗೆಲ್ಲ ಈ ಎರಡು ರೂಪ ಇದೆ. ಬೇರೆ ಬೇರೆ ಉಪಕರಣದಲ್ಲಿ ಟೈಪ್ ಮಾಡಿದ್ದನ್ನು ಒಂದು ಕಡೆ ಅಂಟಿಸಿದಾಗ ಈ ತೊಂದರೆ ಬರುತ್ತದೆ. ಪ್ಯಾಸೇಜಿನ ಹೆಸರುಗಳನ್ನು ಜಗಲಿ, ಅಟ್ಟ, ಹಿತ್ತಿಲು ಎಂಬಂತೆ ಚಿಕ್ಕ, ಸರಳ ಪದಗಳಲ್ಲಿಡಿ. ಎರಡನೆಯ ಸಲ ಬೇಕಾದಾಗ ಟೈಪ್ ಮಾಡದೆ ನಕಲಿಸಿ.

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದಿಟ್ಟ ಕಥೆ ಇದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಆ ಕಡತಗಳಲ್ಲಿ ಇರುವುದು ಕನ್ನಡದ ವೇಷ ತೊಟ್ಟ ರೋಮನ್ ಚಿಹ್ನೆಗಳು. ಟ್ವೈನ್‌ಗೆ ಅಂಟಿಸಿದರೆ ವೇಷ ಕಳಚಿ ಬೀಳುತ್ತದೆ.

ಸಾಲುಗಳ ನಡುವಿನ ಅಂತರವನ್ನೂ ಹಿಗ್ಗಿಸಬೇಕು. ಇಂಗ್ಲಿಷಿಗೆಂದು ಇಟ್ಟ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಪುಟದ ಅಂದಚೆಂದ ಬರೆಯುವ ಸ್ಟೈಲ್‌ಶೀಟಿನಲ್ಲಿ ಸಾಲಿನ ಎತ್ತರವನ್ನು ಅಕ್ಷರ ಗಾತ್ರದ 1.7 ಪಟ್ಟಿನಷ್ಟು ಇಟ್ಟರೆ ಫೋನಿನಲ್ಲಿ ಓದಲು ಹಿತವಾಗುತ್ತದೆ. ಬೆರಳಚ್ಚು ಯಂತ್ರದಂತೆ ಅಕ್ಷರ ಒಂದೊಂದಾಗಿ ಮೂಡುವ ಪರಿಣಾಮವನ್ನು ಬಹಳ ಜನ ಇಷ್ಟಪಡುತ್ತಾರೆ. ಕನ್ನಡದಲ್ಲಿ ಅದನ್ನು ಬಿಟ್ಟುಬಿಡಿ. 'ಸ್ತ್ರೀ' ಎಂಬ ಒಂದೇ ಅಕ್ಷರದೊಳಗೆ ಆರು ಯೂನಿಕೋಡ್ ಚಿಹ್ನೆಗಳಿವೆ. ಒಂದೊಂದಾಗಿ ತೋರಿಸಿದರೆ ಸ, ಸ್, ಸ್ತ ಎಂದು ಅಕ್ಷರ ಕಣ್ಣೆದುರೇ ಒದ್ದಾಡುತ್ತದೆ. ಬೇಕೇ ಬೇಕು ಎನಿಸಿದರೆ ಪದ ಪದವಾಗಿ ಮೂಡಿಸಿ.

ಭಾಷೆಯ ಕಡೆಯಿಂದ ಒಂದು ಅನುಕೂಲವೂ ಇದೆ, ಅದನ್ನು ಬಳಸಿಕೊಳ್ಳಬೇಕು. ಈ ಆಟಗಳು ಆಟಗಾರರನ್ನು ನೇರವಾಗಿ ಮಾತನಾಡಿಸುತ್ತವೆ. "ನೀನು ಬಂದೆ", "ನೀವು ಬಂದಿರಿ" ಎಂಬಲ್ಲಿ ಕನ್ನಡದ ಕ್ರಿಯಾಪದ ಗಂಡೋ ಹೆಣ್ಣೋ ಎಂದು ಕೇಳುವುದೇ ಇಲ್ಲ. ಹಿಂದಿಯಲ್ಲಿ ಬರೆಯುವವರು ಇದೇ ವಾಕ್ಯಕ್ಕೆ ಎರಡು ರೂಪ ಇಟ್ಟುಕೊಳ್ಳಬೇಕಾಗುತ್ತದೆ. ಆದರೆ ಆಟಗಾರರಿಂದ ಹೆಸರು ಕೇಳಿ ಕಥೆಯಲ್ಲಿ ಸೇರಿಸಹೊರಟರೆ ತೊಡಕು ಶುರು. ರಮೇಶನಿಗೆ, ಸುಧಾಗೆ, ಗೌರಿಗೆ: ಪ್ರತ್ಯಯ ಹೆಸರಿಗೆ ತಕ್ಕಂತೆ ಬದಲಾಗುತ್ತದೆ, ಯಂತ್ರ ಕುರುಡಾಗಿ 'ನಿಗೆ' ಅಂಟಿಸಿದರೆ 'ಸುಧಾನಿಗೆ' ಆಗುತ್ತದೆ. ಹೆಸರಿನ ಮುಂದೆ 'ಅವರು' ಸೇರಿಸಿ ವಿಭಕ್ತಿಯನ್ನು ಅದಕ್ಕೆ ಹೊರಿಸಿ: "ಸುಧಾ ಅವರಿಗೆ", "ರಮೇಶ ಅವರಿಂದ". ವಸ್ತುಗಳಿಗೂ ಇದೇ ಉಪಾಯ. "ನೀನು ... ಎತ್ತಿಕೊಂಡೆ" ಎಂಬ ಅಚ್ಚಿನೊಳಗೆ ಪದ ತುರುಕುವ ಬದಲು, "ಲಾಟೀನು ಈಗ ನಿನ್ನ ಕೈಯಲ್ಲಿದೆ" ಎಂಬಂತೆ ವಸ್ತು ಪ್ರಥಮಾ ವಿಭಕ್ತಿಯಲ್ಲೇ ನಿಲ್ಲುವ ವಾಕ್ಯ ಆರಿಸಿ.

ಇಂಕ್ ಬಗ್ಗೆ ಚಿಕ್ಕದಾಗಿ. ಇಂಗ್ಲೆಂಡಿನ ಇಂಕಲ್ ಸ್ಟುಡಿಯೋ ತನ್ನ ಆಟಗಳಿಗೆಂದು ಮಾಡಿಕೊಂಡ ಈ ಭಾಷೆಯನ್ನು 2016ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಇದರಲ್ಲಿ ಹಲಗೆಯಿಲ್ಲ, ಚೌಕವಿಲ್ಲ. ಕಥೆಯನ್ನು ಮೇಲಿಂದ ಕೆಳಗೆ ನಾಟಕದ ಹಸ್ತಪ್ರತಿಯಂತೆ ಬರೆಯುತ್ತಾ ಹೋಗುವುದು. ಸಾಲಿನ ಮೊದಲು ನಕ್ಷತ್ರ ಇಟ್ಟರೆ ಒಮ್ಮೆ ಮಾತ್ರ ಆರಿಸಬಹುದಾದ ಆಯ್ಕೆ, ಕೂಡು ಚಿಹ್ನೆ ಇಟ್ಟರೆ ಎಷ್ಟು ಸಲವಾದರೂ. ಮಾತುಕತೆ ಹೆಚ್ಚಿರುವ ಆಟಕ್ಕೆ ಟ್ವೈನ್‌ಗಿಂತ ಇದು ಎಷ್ಟೋ ಮೇಲು. ಇಲ್ಲಿ ಬೀಳುವ ಹಳ್ಳ ಒಂದೇ: ನಕ್ಷತ್ರದ ಆಯ್ಕೆಗಳೆಲ್ಲ ಖರ್ಚಾದ ಮೇಲೆ ಆಟಗಾರರು ಮರಳಿ ಅಲ್ಲಿಗೆ ಬಂದರೆ ಒತ್ತಲು ಏನೂ ಉಳಿದಿರುವುದಿಲ್ಲ, ಕಥೆ ಮುಗಿದುಹೋಯಿತು ಎಂಬ ದೋಷ ಬರುತ್ತದೆ. ಮಾತಿಲ್ಲದ ಒಂದು ನಕ್ಷತ್ರದ ಮುಂದೆ ಬಾಣ ಇಟ್ಟು, ಉಳಿದದ್ದೆಲ್ಲ ತೀರಿದಾಗ ಎಲ್ಲಿಗೆ ಹೋಗಬೇಕೆಂದು ಬರೆದಿಡಬೇಕು. ಭಾಗಗಳ ಹೆಸರನ್ನು ಇಲ್ಲಿಯೂ ರೋಮನ್ ಅಕ್ಷರಗಳಲ್ಲಿಟ್ಟರೆ ಕ್ಷೇಮ.

ಟೈಪ್ ಮಾಡಿ ಆಡುವ ಆಟ ಮತ್ತು "ಬಾಗಿಲು ತೆಗೆ" ಎಂಬ ಸಮಸ್ಯೆ

1970ರ ದಶಕದ ನಡುವೆ ವಿಲ್ ಕ್ರೌಥರ್ ಎಂಬ ಅಮೆರಿಕದ ಪ್ರೋಗ್ರಾಮರ್, ತಾವೇ ಇಳಿದು ನಕ್ಷೆ ಬರೆದಿದ್ದ ಕೆಂಟಕಿಯ ಗವಿಯೊಂದನ್ನು ಪಿಡಿಪಿ-10 ಯಂತ್ರದ ಮೇಲೆ ಫೋರ್ಟ್ರಾನ್ ಭಾಷೆಯಲ್ಲಿ ಆಟವಾಗಿಸಿದರು. 1977ರಲ್ಲಿ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದರು. ಆಟಗಾರರು ಎರಡು ಪದ ಟೈಪ್ ಮಾಡಬೇಕಿತ್ತು, ಮೊದಲು ಕ್ರಿಯಾಪದ, ಆಮೇಲೆ ನಾಮಪದ. ಅದರಿಂದ ಪ್ರೇರಣೆ ಪಡೆದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಗೆಳೆಯರು ಝೋರ್ಕ್ ಆಟ ಬರೆದರು, 1979ರಲ್ಲಿ ಇನ್ಫೋಕಾಮ್ ಕಂಪನಿ ಹುಟ್ಟಿತು. ಅಂದಿನ ಮನೆ ಕಂಪ್ಯೂಟರುಗಳಲ್ಲಿ ಆ ದೊಡ್ಡ ಆಟಕ್ಕೆ ಜಾಗ ಸಾಲದು, ಬ್ರಾಂಡಿಗೊಂದು ಬಗೆಯ ಯಂತ್ರ ಬೇರೆ. ಜೋಯಲ್ ಬೆರೆಜ್ ಮತ್ತು ಮಾರ್ಕ್ ಬ್ಲಾಂಕ್ ಇದಕ್ಕೆ ಒಂದು ಕಾಲ್ಪನಿಕ ಕಂಪ್ಯೂಟರನ್ನೇ ರೂಪಿಸಿದರು. ಹೆಸರು ಝಡ್-ಮೆಷೀನ್. ಆಟವನ್ನು ಆ ಕಾಲ್ಪನಿಕ ಯಂತ್ರಕ್ಕೆ ಒಮ್ಮೆ ಬರೆದರೆ ಸಾಕು. ಪ್ರತಿ ನಿಜ ಯಂತ್ರಕ್ಕೂ ಅದನ್ನು ಅನುಕರಿಸುವ ಒಂದು ಚಿಕ್ಕ ಪ್ರೋಗ್ರಾಮ್ ಇದ್ದರಾಯಿತು. 1993ರಲ್ಲಿ ಗ್ರಹಾಂ ನೆಲ್ಸನ್ ಇದೇ ಯಂತ್ರಕ್ಕೆ ಹೊಸ ಆಟ ಬರೆಯುವ ಇನ್‌ಫಾರ್ಮ್ ಭಾಷೆಯನ್ನು ತಂದರು. ಆ ಹಳೆಯ ಆಟಗಳು ಇಂದು ಫೋನಿನಲ್ಲೂ ಓಡುತ್ತಿರುವುದು ಈ ಒಂದು ದೂರದೃಷ್ಟಿಯಿಂದ.

2006ರ ಇನ್‌ಫಾರ್ಮ್ 7ರಲ್ಲಿ ಕೋಡ್ ಎಂದರೆ ಇಂಗ್ಲಿಷ್ ವಾಕ್ಯಗಳೇ. "ಅಡುಗೆ ಮನೆ ಒಂದು ಕೋಣೆ. ಪಡಸಾಲೆ ಅದರ ಪಶ್ಚಿಮಕ್ಕಿದೆ. ಲಾಟೀನು ಮೇಜಿನ ಮೇಲಿದೆ." ಇದೇ ಅರ್ಥದ ಮೂರು ಇಂಗ್ಲಿಷ್ ವಾಕ್ಯ ಬರೆದರೆ ಆಡಬಹುದಾದ ಪ್ರಪಂಚ ಸಿದ್ಧ. ಪೆಟ್ಟಿಗೆಯೊಳಗೆ ವಸ್ತು ಇಡಬಹುದು, ಮುಚ್ಚಿದ ಬಾಗಿಲಿನಾಚೆ ಹೋಗಲಾಗದು, ಕತ್ತಲಲ್ಲಿ ಏನೂ ಕಾಣದು ಎಂಬ ತಿಳಿವಳಿಕೆ ಅದಕ್ಕೆ ಮೊದಲೇ ಇದೆ. ಟ್ವೈನ್‌ನಲ್ಲಿ ಈ ಒಂದೊಂದನ್ನೂ ನೀವೇ ಷರತ್ತು ಹಾಕಿ ಕಟ್ಟಬೇಕು. 2022ರ ಏಪ್ರಿಲ್‌ನಿಂದ ಇದರ ಮೂಲ ಕೋಡ್ ಕೂಡ ಮುಕ್ತವಾಗಿದೆ. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳಲ್ಲಿ ಆಟ ಕಟ್ಟಲು ವಿಸ್ತರಣೆಗಳಿವೆ.

ಕನ್ನಡಕ್ಕೆ ಎದುರಾಗುವ ಮೊದಲ ಗೋಡೆ ಯಂತ್ರದ್ದು. ಝಡ್-ಮೆಷೀನ್ ಪದಗಳನ್ನು ಐದು ಬಿಟ್‌ಗಳ ತುಣುಕುಗಳಾಗಿ ಕಟ್ಟುತ್ತದೆ. ನಿಘಂಟಿನ ಒಂದು ಪದಕ್ಕೆ ಮೊದಲ ಮೂರು ಆವೃತ್ತಿಗಳಲ್ಲಿ ಆರು ತುಣುಕು, ನಾಲ್ಕನೆಯದರಿಂದ ಮುಂದೆ ಒಂಬತ್ತು. ಉಳಿದದ್ದು ಕತ್ತರಿಸಿ ಹೋಗುತ್ತದೆ. ಇಂಗ್ಲಿಷಿನ ಸಣ್ಣಕ್ಷರಕ್ಕೆ ಒಂದು ತುಣುಕು ಸಾಕು. ಮೂಲ ಅಕ್ಷರಪಟ್ಟಿಯಲ್ಲಿ ಇಲ್ಲದ ಚಿಹ್ನೆಗೆ ನಾಲ್ಕು ಬೇಕು. ಅಂದರೆ ಒಂಬತ್ತು ತುಣುಕಿನಲ್ಲಿ ಹಿಡಿಸುವುದು ಎರಡೇ ಕನ್ನಡ ಚಿಹ್ನೆ: 'ಕೀ' ಎಂಬುದರ ಕ ಮತ್ತು ಅದಕ್ಕೆ ಸೇರುವ ಈ ಸ್ವರದ ಚಿಹ್ನೆ. 'ಕೀಲಿ' ಮತ್ತು 'ಕೀಟ' ಆ ಯಂತ್ರಕ್ಕೆ ಒಂದೇ ಪದ. ಅಕ್ಷರಪಟ್ಟಿಯನ್ನೇ ಹೊಸದಾಗಿ ಬರೆದುಕೊಂಡರೆ ಸ್ವಲ್ಪ ಸಡಿಲವಾಗುತ್ತದೆ, ಆದರೆ ಆ ಗೋಜಿಗೆ ಹೋಗಬೇಡಿ. ಆಂಡ್ರೂ ಪ್ಲಾಟ್ಕಿನ್ ರೂಪಿಸಿದ ಗ್ಲಲ್ಕ್ಸ್ ಎಂಬ 32 ಬಿಟ್ ಕಾಲ್ಪನಿಕ ಯಂತ್ರವನ್ನು ಆರಿಸಿ. ಇನ್‌ಫಾರ್ಮ್ ಅದಕ್ಕೂ ಆಟ ತಯಾರಿಸುತ್ತದೆ, ಅಲ್ಲಿ ಯೂನಿಕೋಡ್ ನಿಘಂಟು ಸಾಧ್ಯ, ಪದದ ಉದ್ದವನ್ನೂ ಹೆಚ್ಚಿಸಿಕೊಳ್ಳಬಹುದು.

ಎರಡನೆಯ ಗೋಡೆ ವ್ಯಾಕರಣದ್ದು, ಇದು ನಿಜಕ್ಕೂ ಸ್ವಾರಸ್ಯದ ಜಾಗ. ಇಂಗ್ಲಿಷ್ ಪಾರ್ಸರ್ ಮೊದಲ ಪದವನ್ನು ಕ್ರಿಯಾಪದ ಎಂದು ಹಿಡಿಯುತ್ತದೆ. ಕನ್ನಡದಲ್ಲಿ ಅದು ಕೊನೆಗಿರುತ್ತದೆ. ನಾಮಪದವೋ ಬಾಗಿಲು, ಬಾಗಿಲನ್ನು, ಬಾಗಿಲಿಗೆ, ಬಾಗಿಲಿನಿಂದ, ಬಾಗಿಲಲ್ಲಿ ಎಂದು ರೂಪ ಬದಲಿಸುತ್ತ, ಆಡುಮಾತಿನಲ್ಲಿ ಬಾಗ್ಲು ಆಗಿಯೂ ಬರುತ್ತದೆ. ಪದದ ಮೊದಲ ಭಾಗ ಹೊಂದಿದರೆ ಸಾಕು ಎಂದು ಸುಲಭದ ದಾರಿ ಹಿಡಿದರೆ 'ಮರ' ಹುಡುಕುವ ಪಾರ್ಸರ್ 'ಮರಳು' ಸಿಕ್ಕಲ್ಲೂ ಮರವನ್ನೇ ಕಾಣುತ್ತದೆ. ಪ್ರತ್ಯಯ ಕತ್ತರಿಸುವ ನಿಯಮ ಬರೆಯಬಹುದು. ಚಿಕ್ಕ ಆಟಕ್ಕೆ ಅದರ ಅಗತ್ಯವಿಲ್ಲ. ಹನ್ನೆರಡು ವಸ್ತುಗಳಿಗೆ ಆರಾರು ರೂಪ ಕೈಯಲ್ಲೇ ಬರೆದರೆ 72 ಪದ, ಹತ್ತು ಕ್ರಿಯೆಗಳಿಗೆ ಐದೈದು ರೂಪ ಬರೆದರೆ 50. ಒಂದು ಸಂಜೆಯ ಕೆಲಸ, ತಪ್ಪೂ ಕಡಿಮೆ. 'ತೆಗೆದುಕೊ' ಒಂದನ್ನೇ ಬರೆದು ಬಿಡಬೇಡಿ: ತಗೊ, ತಗೋ, ತೊಗೊ, ತಕ್ಕೊ, ಎತ್ತಿಕೊ ಎಲ್ಲವೂ ಬರುತ್ತವೆ, ಯಾವುದು ಬರುತ್ತದೆ ಎಂಬುದು ಆಡುವವರ ಊರಿನ ಮೇಲೆ ಹೋಗುತ್ತದೆ.

ಪ್ರತ್ಯಯವನ್ನು ಗುರುತಿಸಿದ ಮೇಲೆ ಎಸೆಯಬೇಡಿ, ಎತ್ತಿಟ್ಟುಕೊಳ್ಳಿ. "ಕೀಲಿಯಿಂದ ಬಾಗಿಲನ್ನು ತೆರೆ", "ಬಾಗಿಲನ್ನು ಕೀಲಿಯಿಂದ ತೆರೆ" ಎರಡೂ ಸರಿಯಾದ ಕನ್ನಡ. ಯಾವುದು ಸಾಧನ, ಯಾವುದು ಕರ್ಮ ಎಂದು ಹೇಳುವುದು ಪದಗಳ ಸಾಲಲ್ಲ, 'ಇಂದ' ಮತ್ತು 'ಅನ್ನು'. ಇಂಗ್ಲಿಷ್ ಪಾರ್ಸರ್ ಪದಕ್ರಮದಿಂದ ಊಹಿಸಬೇಕಾದ್ದನ್ನು ನಮ್ಮ ವಿಭಕ್ತಿ ಬಾಯಿಬಿಟ್ಟೇ ಹೇಳುತ್ತದೆ. 'ಅನ್ನು' ಹಲವು ಸಲ ಬಿಟ್ಟುಹೋಗುತ್ತದೆ, ಆದ್ದರಿಂದ ಪ್ರತ್ಯಯವಿಲ್ಲದ ನಾಮಪದವನ್ನು ಕರ್ಮ ಎಂದೇ ಹಿಡಿಯಿರಿ.

ಎಲ್ಲಕ್ಕಿಂತ ಗಟ್ಟಿ ಗಂಟು ಕ್ರಿಯಾಪದದಲ್ಲಿದೆ. "ಬಾಗಿಲು ತೆಗೆ" ಎಂದರೆ ತೆರೆಯಬೇಕು, "ಗೂಡಿನಿಂದ ಲಾಟೀನು ತೆಗೆ" ಎಂದರೆ ಎತ್ತಿಕೊಳ್ಳಬೇಕು. "ಬಾಗಿಲು ಹಾಕು" ಮುಚ್ಚುವುದು, "ಬೀಗ ಹಾಕು" ಭದ್ರಪಡಿಸುವುದು, "ಎಣ್ಣೆ ಹಾಕು" ಸುರಿಯುವುದು. ಕ್ರಿಯಾಪದವನ್ನು ಮೊದಲು ಅರ್ಥ ಮಾಡಿಕೊಂಡು ಆಮೇಲೆ ವಸ್ತು ಹುಡುಕುವ ಇಂಗ್ಲಿಷ್ ಕ್ರಮ ಇಲ್ಲಿ ಸೋಲುತ್ತದೆ. ಮೊದಲು ವಸ್ತುವನ್ನು ಗುರುತಿಸಿ. ಆ ವಸ್ತುವಿನ ಜೊತೆ 'ತೆಗೆ', 'ಹಾಕು' ಏನರ್ಥ ಎಂಬ ಪಟ್ಟಿಯನ್ನು ವಸ್ತುವಿಗೇ ಅಂಟಿಸಿಡಿ. ಶುಗರ್‌ಕ್ಯೂಬ್‌ನ ಟೈಪಿಂಗ್ ಪೆಟ್ಟಿಗೆಯ ಹಿಂದೆ ಬ್ರೌಸರಿನ ಕೋಡ್ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಸ್ವಲ್ಪ ಬರೆದು ಇಂಥ ಚಿಕ್ಕ ಪಾರ್ಸರ್ ಕಟ್ಟಬಹುದು. ಆಟಗಾರರು ಬರೆದದ್ದನ್ನು ಮೊದಲು ಒಂದೇ ಯೂನಿಕೋಡ್ ರೂಪಕ್ಕೆ ತನ್ನಿ, ಕಾಣದ ಚಿಹ್ನೆಗಳನ್ನು ತೆಗೆಯಿರಿ, ಪದ ಬಿಡಿಸಿ, ಕೊನೆಯ ಪದವನ್ನು ಕ್ರಿಯೆ ಎಂದು ತೆಗೆದಿಟ್ಟು ವಸ್ತುಗಳನ್ನು ಹುಡುಕಿ, ಕೊನೆಗೆ ವಸ್ತುವಿನ ಪಟ್ಟಿಯಲ್ಲಿ ಕ್ರಿಯೆಯನ್ನು ನೋಡಿ.

ಫೋನಿನಲ್ಲಿ ಕನ್ನಡ ಟೈಪ್ ಮಾಡಿಸುವುದು ದಣಿಸುತ್ತದೆ ಎಂದಾದರೆ ನಡುವಿನ ದಾರಿ ಇದೆ. ಕಥೆಯೊಳಗಿನ ವಸ್ತುಗಳನ್ನು ಒತ್ತುವಂತೆ ಮಾಡಿ. ಒತ್ತಿದಾಗ ಅದಕ್ಕೆ ಒಪ್ಪುವ ಕ್ರಿಯೆಗಳು ಕೆಳಗೆ ಮೂಡಲಿ. ಮೊದಲು ವಸ್ತು, ಆಮೇಲೆ ಕ್ರಿಯೆ. ಅದು ಕನ್ನಡ ವಾಕ್ಯದ ಸಹಜ ಕ್ರಮವೇ.

ಕೈಬಿಡುವ ಮೊದಲು

ಟ್ವೈನ್‌ನಲ್ಲಿ ಯಾವ ಪ್ಯಾಸೇಜಿನಿಂದ ಬೇಕಾದರೂ ಪರೀಕ್ಷೆ ಶುರು ಮಾಡಬಹುದು, ಆದರೆ ಹಾಗೆ ಶುರು ಮಾಡಿದಾಗ ಹಿಂದಿನ ಪುಟಗಳಲ್ಲಿ ಇಡಬೇಕಿದ್ದ ಬೆಲೆಗಳು ಇರುವುದಿಲ್ಲ. ಇಲ್ಲದ ದೋಷ ಕಾಣಿಸುತ್ತದೆ, ಇರುವುದು ಮರೆಯಾಗುತ್ತದೆ. ಕೊನೆಯ ಪರೀಕ್ಷೆ ಯಾವಾಗಲೂ ಜಗಲಿಯಿಂದಲೇ ಆಗಲಿ. ಇನ್‌ಫಾರ್ಮ್‌ನಲ್ಲಿ ಸ್ಕೀನ್ ಎಂಬ ಸೌಲಭ್ಯ ನೀವು ಆಡಿದ ಪ್ರತಿ ದಾರಿಯನ್ನೂ ಮರದಂತೆ ದಾಖಲಿಸಿ, ಕೋಡ್ ಬದಲಿಸಿದ ಮೇಲೆ ಅದನ್ನೇ ಮತ್ತೆ ಓಡಿಸುತ್ತದೆ. ಬೇರೆಯವರಿಗೆ ಆಡಲು ಕೊಟ್ಟಾಗ ಪಕ್ಕದಲ್ಲಿ ಕೂತು ಹೇಳಿಕೊಡಬೇಡಿ. ಪಾರ್ಸರ್ ಆಟವಾದರೆ ಅವರು ಟೈಪ್ ಮಾಡಿದ ಪ್ರತಿ ಸಾಲನ್ನೂ ಉಳಿಸಿಕೊಳ್ಳಿ. ಅರ್ಥವಾಗದೆ ಹೋದ ಸಾಲುಗಳೇ ನಿಘಂಟಿಗೆ ನಾಳೆ ಸೇರಬೇಕಾದ ಪದಗಳು.

ಪ್ರಕಟಿಸುವಾಗ ಟ್ವೈನ್ ಇಡೀ ಆಟವನ್ನು ಒಂದೇ ಎಚ್‌ಟಿಎಂಎಲ್ ಕಡತವಾಗಿ ಕೊಡುತ್ತದೆ. ಚಿತ್ರಗಳು ಅದರೊಳಗೆ ಸೇರಿರುವುದಿಲ್ಲ, ಕಡತದ ಜೊತೆಗೇ ಕಳಿಸಬೇಕು. ವಾಟ್ಸಾಪಿನಲ್ಲಿ ಕಡತವನ್ನೇ ಕಳಿಸಿದರೆ ಕೆಲವು ಫೋನುಗಳು ಅದನ್ನು ಬರೀ ಪುಟದಂತೆ ತೆರೆದು ಒಳಗಿನ ಸ್ಕ್ರಿಪ್ಟ್ ಓಡಿಸುವುದಿಲ್ಲ, ಪರದೆ ಖಾಲಿ ಇರುತ್ತದೆ. ಇಚ್ ಡಾಟ್ ಐಒ ತಾಣದಲ್ಲಿ ಉಚಿತವಾಗಿ ಏರಿಸಿ ಕೊಂಡಿ ಕಳಿಸುವುದು ಸುಲಭ. ಅಲ್ಲಿ ಜಿಪ್ ಮಾಡಿ ಏರಿಸುವಾಗ ಮುಖ್ಯ ಕಡತದ ಹೆಸರು ಇಂಡೆಕ್ಸ್ ಎಂದೇ ಇರಬೇಕು, ಬ್ರೌಸರಿನಲ್ಲಿ ಆಡುವ ಕಡತ ಎಂಬ ಚೌಕಕ್ಕೆ ಗುರುತು ಹಾಕಬೇಕು.

ಪುಟದ ಭಾಷೆ ಕನ್ನಡ ಎಂದು ಕಡತದ ತಲೆಯಲ್ಲಿ ನಮೂದಿಸುವುದನ್ನು ಮರೆಯಬೇಡಿ. ಕನ್ನಡದ ಸಂಕೇತ 'ಕೆ-ಎನ್' ಎಂಬ ಎರಡು ಅಕ್ಷರ. ಬರೀ ಪಠ್ಯದ ಈ ಆಟಗಳನ್ನು ದೃಷ್ಟಿ ಇಲ್ಲದವರು, ಪರದೆಯ ಮಾತನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಮೂಲಕ ಆಡಬಲ್ಲರು. ಭಾಷೆ ಇಂಗ್ಲಿಷ್ ಎಂದಿದ್ದರೆ ಇಂಗ್ಲಿಷ್ ದನಿ ಕನ್ನಡವನ್ನು ಓದಹೊರಟು ತೊದಲುತ್ತದೆ, ಅಥವಾ ಸುಮ್ಮನಾಗುತ್ತದೆ. ಬಿಡುಗಡೆಯಾದ ಮೇಲೆ ಆಟಕ್ಕೆ ಹೊಸ ವೇರಿಯಬಲ್ ಸೇರಿಸಿದರೆ, ಹಳೆಯ ಆವೃತ್ತಿಯಲ್ಲಿ ಆಟ ಉಳಿಸಿಟ್ಟವರ ಸಂಗ್ರಹದಲ್ಲಿ ಅದು ಇರುವುದಿಲ್ಲ. ಅವರು ಅಟ್ಟದಿಂದ ಆಟ ಮುಂದುವರಿಸಿದಾಗ ಷರತ್ತು ತಪ್ಪು ಉತ್ತರ ಕೊಡುತ್ತದೆ. ಹೊಸ ಡಬ್ಬಿ ಬಳಸುವ ಪ್ರತಿ ಜಾಗದಲ್ಲೂ, ಅದು ಇದೆಯೇ ಎಂದು ಮೊದಲು ಕೇಳಿ, ಇಲ್ಲದಿದ್ದರೆ ಅಲ್ಲೇ ಆರಂಭದ ಬೆಲೆ ಇಟ್ಟುಬಿಡಿ.